ಹೆಸರಿಲ್ಲದ ಬಣ್ಣಗಾರರು

ಗ್ರಾಂಟ್ ರೋಡ್ ಸ್ಟೇಶನ್ನಿನಿಂದ ಕೆನಡಿ ಬ್ರಿಜ್ಜಿನತ್ತ ನಿತ್ಯವೂ ನಡೆದುಹೋಗುವ ನಮ್ಮವರಲ್ಲಿ ಎಷ್ಟು ಮಂದಿಗೆ, ಆ ಸೇತುವೆಯ ಮಗ್ಗುಲಲ್ಲಿ ಒಂದು ಕಾಲಕ್ಕೆ ಆರ್ದೇಶಿರ್ ಇರಾಣಿಯವರ ಇಂಪೀರಿಯಲ್ ಫಿಲ್ಮ್ ಕಂಪೆನಿ ಇದ್ದಿತೆಂಬುದು ತಿಳಿದಿದೆಯೋ ಕಾಣೆ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಅಲ್ಲಿಯೇ ತಯಾರಾಯಿತು. ಹಗಲೆಲ್ಲ ರೈಲಿನ ಗಡಗಡ. ಆದುದರಿಂದ ಗಾಡಿಗಳು ನಿಂತ ಮೇಲೆ, ನಡುರಾತ್ರಿಯಲ್ಲಿ ಚಿತ್ರೀಕರಣ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಕಂಪೆನಿ 1937ರಲ್ಲಿ ತಯಾರಿಸಿದ ‘ಕಿಸಾನ್ ಕನ್ಯಾ’ದ ಮಾತೆತ್ತುವವರು ವಿರಳ. ಈ ದೇಶದಲ್ಲಿಯೇ ಸಂಸ್ಕರಣಗೊಂಡ ಮೊದಲ ವರ್ಣಚಿತ್ರವದು. ಅದಕ್ಕೆ ಬಳಸಿದ ಸಿನೆಕಲರ್ ಪದ್ಧತಿಯಲ್ಲಿ ಇದ್ದುದು ಎರಡೇ ಬಣ್ಣಗಳ ಕೂಟ. ಕೆಂಪು, ಕಂದು, ಮೈಬಣ್ಣಗಳು ಸೊಗಸಾಗಿ ಮೂಡುತ್ತಿದ್ದವು. ಹಚ್ಚಹಸಿರು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ರೈತಕನ್ಯೆಯ ಕಥೆಗೆ ಹಸಿರಿಗೇ ಬರಗಾಲ!

ಮುಂದೆ ಮೂರು ಬಣ್ಣಗಳ ಫಿಲ್ಮು ಬಂದಿತು. ಅದರೊಡನೆ ಒಬ್ಬ ಹೊಸ ಕುಶಲಿಯೂ ಬಂದನು. ಲ್ಯಾಬಿನಲ್ಲಿ ಆತನಿಗೆ ಗ್ರೇಡರ್ ಎಂದು ಹೆಸರು. ಬೆಳಗಿನ ಬಿಸಿಲಿನಲ್ಲಿ ತೆಗೆದ ನಾಯಕನ ಮುಖವನ್ನೂ ಇಳಿಹೊತ್ತಿನಲ್ಲಿ ತೆಗೆದ ನಾಯಕಿಯ ಮುಖವನ್ನೂ ಒಂದರ ಬಳಿಕ ಒಂದಾಗಿ ಜೋಡಿಸಿದರೆ, ಇಬ್ಬರೂ ಬೇರೆ ಬೇರೆ ಊರುಗಳಲ್ಲಿ ನಿಂತು ಮಾತಾಡಿದಂತೆ ಕಾಣುತ್ತದೆ. ಆದುದರಿಂದ ನೆಗೆಟಿವಿನ ತುಣುಕು ತುಣುಕನ್ನೂ ನೋಡಿ, ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಎಷ್ಟೆಷ್ಟು ಬಿಡಬೇಕೆಂದು ಆತನು ಗೊತ್ತುಮಾಡಬೇಕು. ಪ್ರತಿಯೊಂದಕ್ಕೂ 1ರಿಂದ 50ರವರೆಗೆ ಅಂಕಗಳು. ಕೆಲವೇ ಅಂಕ ತಪ್ಪಿದರೆ ನಾಯಕಿಗೆ ಕಾಮಾಲೆ ಹತ್ತಿದಂತೆಯೇ. ತಾಡದೇವದ ಫಿಲ್ಮ್ ಸೆಂಟರಿನಂತಹ ಲ್ಯಾಬುಗಳು ಈ ವಿದ್ಯೆಯ ಪಾಠಶಾಲೆಗಳಾಗಿದ್ದವು. ತುಳುನಾಡಿನ ಮನಮೋಹನ ಶೆಟ್ಟಿಯವರೂ 1978ರಲ್ಲಿ ಆಡ್‌ಲ್ಯಾಬ್ಸನ್ನು ಆರಂಭಿಸಿ ಇದೇ ಉದ್ಯಮದಲ್ಲಿ ಹೆಸರಾದರು.

ಹೋಟೆಲಿನಲ್ಲಿ ದುಡಿಯುವವರಿಗೆ ಈ ಕೆಲಸವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಇಂದಿನ ಮೆಣಸಿಗೆ ನಿನ್ನೆಯ ಖಾರವಿರುವುದಿಲ್ಲ. ಬೇಳೆ ಒಂದು ದಿನ ಬೇಗ ಬೇಯುತ್ತದೆ, ಮರುದಿನ ಹಟ ಹಿಡಿಯುತ್ತದೆ. ಆದರೂ ಗಿರಾಕಿಗೆ ನಿನ್ನೆಯ ಸಾಂಬಾರೇ ಬೇಕು. ಅದನ್ನು ಸರಿದೂಗಿಸುವುದು ಅಡಿಗೆಭಟ್ಟರ ನಾಲಗೆ. ತಟ್ಟೆ ಬರಿದು ಮಾಡಿ ಏಳುವವನು ಹೋಟೆಲಿನ ಹೆಸರನ್ನು ಹೊಗಳುತ್ತಾನೆಯೇ ಹೊರತು ಭಟ್ಟರ ಹೆಸರನ್ನು ಕೇಳುವುದಿಲ್ಲ.

2000ದಲ್ಲಿ ಹಾಲಿವುಡ್ಡಿನ ‘ಓ ಬ್ರದರ್, ವೇರ್ ಆರ್ಟ್ ದೌ’ ಚಿತ್ರದ ಹಸಿರು ಬಯಲುಗಳನ್ನೆಲ್ಲ ಕಂಪ್ಯೂಟರಿನಿಂದ ಒಣಹುಲ್ಲಿನ ಹಳದಿಗೆ ತಿರುಗಿಸಿದರು. ಅಲ್ಲಿಂದ ಮುಂದೆ ಈ ಕಸಬಿನ ಬಲವೂ ಹೆಚ್ಚಿತು, ಗ್ರೇಡರನು ಕಲರಿಸ್ಟನಾದನು. ಆದರೆ ಮುಂಬಯಿಯ ಫಿಲ್ಮ್ ಲ್ಯಾಬುಗಳು 2010ರ ದಶಕದಲ್ಲಿ ಒಂದೊಂದಾಗಿ ಬಾಗಿಲು ಹಾಕಿಕೊಂಡಾಗ, ಅವುಗಳೊಡನೆ ಹಾಜರಿಪುಸ್ತಕವೂ ತಿಂಗಳ ಸಂಬಳವೂ ಹೋದವು. ಇಂದು ಅನೇಕ ಕಲರಿಸ್ಟರದು ಚಿತ್ರದಿಂದ ಚಿತ್ರಕ್ಕೆ ಕರಾರಿನ ದುಡಿಮೆ. ಸರದಿಯಲ್ಲಿಯೂ ಅವರೇ ಕಟ್ಟಕಡೆ. ಅಷ್ಟರಲ್ಲಿ ಹಣ ಕರಗಿರುತ್ತದೆ, ಬಿಡುಗಡೆಯ ದಿನ ಸಾರಿಯಾಗಿರುತ್ತದೆ. ಹಿಂದಿನವರು ಕಳೆದ ದಿನಗಳನ್ನು ಇವರು ತಮ್ಮ ರಾತ್ರಿಗಳಿಂದ ತೀರಿಸಬೇಕು.

ಅಮೆರಿಕದ ಛಾಯಾಗ್ರಾಹಕರು 1919ರಲ್ಲಿಯೇ ಸಂಘ ಕಟ್ಟಿ, ಅದರ ಮೂರು ಅಕ್ಷರಗಳನ್ನು ತಮ್ಮ ಹೆಸರಿಗೆ ಬಿರುದಿನಂತೆ ಜೋಡಿಸಿಕೊಂಡರು. ಬಣ್ಣಗಾರರಿಗೆ ಅಂತಹುದೇ ಆದ ಕಲರಿಸ್ಟ್ ಸೊಸೈಟಿ ಇಂಟರ್‌ನ್ಯಾಶನಲ್ ಹುಟ್ಟಲು 2016 ಬರಬೇಕಾಯಿತು. ಸುಮಾರು ನೂರು ವರ್ಷಗಳ ಅಂತರ! ಬಿರುದಿನಿಂದ ಹೊಟ್ಟೆ ತುಂಬೀತೇ ಎಂದು ಕೇಳುವವರುಂಟು. ತುಂಬದು, ನಿಜ. ಆದರೆ ತೆರೆಯ ಮೇಲೆ ಹೆಸರು ಬಾರದವನು ಮುಂದಿನ ಕೆಲಸಕ್ಕೆ ಯಾವ ಸಾಕ್ಷಿಯನ್ನು ತೋರಿಸಬೇಕು? ಹೆಚ್ಚು ಗಂಟೆಗಳಿಗೆ ಹೆಚ್ಚು ಹಣವನ್ನು ಒಬ್ಬನೇ ಕೇಳಿದರೆ ಮರುದಿನ ಬೇರೊಬ್ಬನು ಆ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಹತ್ತು ಮಂದಿ ಸೇರಿ ಕೇಳುವ ಮಾತೇ ಬೇರೆ. ಮುಂಬಯಿಯ ಚಿತ್ರೋದ್ಯಮದಲ್ಲಿ ದೀಪ ಹಿಡಿಯುವವರಿಗೂ ಬಣ್ಣ ಹಚ್ಚುವ ಮೇಕಪ್ಪಿನವರಿಗೂ ಯೂನಿಯನ್ನುಗಳುಂಟು. ಅವುಗಳನ್ನು ಕಟ್ಟಿದವರು ಈ ಲೆಕ್ಕವನ್ನು ಹಿಂದೆಯೇ ಹಾಕಿದ್ದರು.

ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ ಆದರು. ಪ್ರಶಸ್ತಿ ಆರಂಭವಾದುದು 1969ರಲ್ಲಿ. ಕ್ಯಾಮರಾ ಹಿಡಿದವರೇ ಅಷ್ಟು ಕಾಲ ಕಾದಿರುವಾಗ, ಕತ್ತಲೆಕೋಣೆಯಲ್ಲಿ ಕುಳಿತವರ ಪಾಡೇನು?

ಲ್ಯಾಮಿಂಗ್ಟನ್ ರೋಡಿನಲ್ಲಿ ಕೊನೆಯ ಆಟ ಮುಗಿಯುವಾಗ ಕಲರಿಸ್ಟನ ಹೆಸರು, ಇದ್ದರೆ, ತೆರೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಮೇಲಕ್ಕೇರಿ ಹೋಗುತ್ತದೆ. ಅಷ್ಟರಲ್ಲಿ ದೀಪ ಹೊತ್ತಿರುತ್ತದೆ. ನಾವು ಕೊನೆಯ ಲೋಕಲ್ ಹಿಡಿಯಲು ಗ್ರಾಂಟ್ ರೋಡಿನ ಕಡೆಗೆ ಓಡುತ್ತಿರುತ್ತೇವೆ.