ಕರೆಂಟು ಹೋದರೂ ಅಳಿಯದ ಅಕ್ಷರ

ಅರ್ಧ ಓದಿದ ಪುಟ ಪರದೆಯ ಮೇಲಿದೆ. ಹಿಂಬದಿಯ ಮುಚ್ಚಳ ತೆರೆದು ಬ್ಯಾಟರಿಯನ್ನೇ ಕಿತ್ತು ಪಕ್ಕಕ್ಕಿಡಿ. ಟಿವಿಯಾಗಲಿ, ಮೊಬೈಲಾಗಲಿ ಆ ಕ್ಷಣಕ್ಕೇ ಕಪ್ಪಾಗಬೇಕಿತ್ತು. ಈ ಇ-ಬುಕ್ ರೀಡರ್ ಆಗುವುದಿಲ್ಲ! ಸಾಲುಗಳು ಇದ್ದಲ್ಲೇ ಇವೆ, ಒಂದು ಅಲ್ಪವಿರಾಮ ಕೂಡ ಕದಲಿಲ್ಲ. ಒಂದು ಗಂಟೆ ಬಿಟ್ಟು ಬನ್ನಿ, ನಾಳೆ ಬನ್ನಿ, ಮುಂದಿನ ವಾರ ಬನ್ನಿ. ಆ ಪುಟ ಹಾಗೇ ಇರುತ್ತದೆ.

ಪುಟದ ಹಾಗೆ ಸುಮ್ಮನೆ ಕೂರುವುದು ಯಂತ್ರಕ್ಕೆ ಬಂದೀತೆಂದು ಯಾರು ಎಣಿಸಿದ್ದರು? ಅದೂ 2004ರಲ್ಲೇ! ಆ ವರ್ಷದ ಏಪ್ರಿಲ್‌ನಲ್ಲಿ ಸೋನಿಯ ‘ಲಿಬ್ರಿಯೆ’ ಎಂಬ ರೀಡರ್ ಜಪಾನಿನ ಅಂಗಡಿಗಳಿಗೆ ಬಂತು. ಟಿವಿ ರಿಮೋಟಿಗೆ ಹಾಕುವಂಥ 4 ಸಣ್ಣ ಸೆಲ್ ಹಾಕಿದರೆ ಸುಮಾರು 10,000 ಪುಟ ತಿರುವಬಹುದಿತ್ತು. ಕಾದಂಬರಿಯೊಂದಕ್ಕೆ 300 ಪುಟ ಎಂದು ಹಿಡಿಯಿರಿ. ಮೂವತ್ತಕ್ಕೂ ಹೆಚ್ಚು ಕಾದಂಬರಿ, ಬರೀ 4 ಸೆಲ್‌ನಲ್ಲಿ!

ಈ ಮೊದಲ ತಲೆಮಾರಿನ ಇ-ಬುಕ್ ರೀಡರ್‌ಗಳ ಕಥೆ ಕೆದಕುತ್ತಾ ಹೋದಂತೆ ಇನ್ನೂ ದೊಡ್ಡದೊಂದು ಬೆರಗು ಎದುರಾಗುತ್ತದೆ. ಗುಣಗಳದ್ದೊಂದು ಪಟ್ಟಿ, ದೋಷಗಳದ್ದೊಂದು ಪಟ್ಟಿ ಮಾಡೋಣವೆಂದು ಕೂತರೆ ಪಟ್ಟಿ ಎರಡಾಗುವುದೇ ಇಲ್ಲ. ಯಾವ ಗುಣದ ಬೇರು ಹಿಡಿದು ಎಳೆದರೂ ಅದರ ಜೊತೆಗೇ ಒಂದು ದೋಷವೂ ಕಿತ್ತು ಬರುತ್ತದೆ!

ಬೆಳಗುವ ಗಾಜಿನ ಕಾಲ

ಸ್ವಲ್ಪ ಹಿಂದಕ್ಕೆ ಹೋಗೋಣ. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಹಾರ್ಟ್ ಎಂಬ ವಿದ್ಯಾರ್ಥಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಟೈಪ್ ಮಾಡಿದ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಹುಟ್ಟಿದ್ದು ಹಾಗೆ. ಅಂದರೆ ಇ-ಪುಸ್ತಕ ಮೊದಲೇ ಸಿದ್ಧವಾಗಿತ್ತು, ಅದನ್ನು ಕೈಯಲ್ಲಿ ಹಿಡಿದು ಓದುವ ಸಾಧನ ಮಾತ್ರ ಇರಲಿಲ್ಲ. 1990ರಲ್ಲಿ ಸೋನಿ ‘ಡೇಟಾ ಡಿಸ್ಕ್‌ಮನ್’ ತಂದಿತು. 8 ಸೆಂಟಿಮೀಟರ್ ಅಗಲದ ತಟ್ಟೆಯೊಂದರಲ್ಲಿ ಇಡೀ ನಿಘಂಟು! ಆದರೆ ಅದರ ಪುಟ್ಟ ಪರದೆಯಲ್ಲಿ ಪದ ಹುಡುಕಬಹುದಿತ್ತೇ ಹೊರತು ಕಾದಂಬರಿಯಲ್ಲಿ ಮುಳುಗಲು ಆಗುತ್ತಿರಲಿಲ್ಲ.

1998ರಲ್ಲಿ ಅಮೆರಿಕದಲ್ಲಿ ಎರಡು ಯಂತ್ರಗಳು ಒಟ್ಟೊಟ್ಟಿಗೆ ಬಂದವು. ಒಂದು ‘ಸಾಫ್ಟ್‌ಬುಕ್’. ಚರ್ಮದ ಹೊದಿಕೆ, ಒಳಗೇ ಮೋಡೆಮ್. ಫೋನಿನ ತಂತಿ ಸಿಕ್ಕಿಸಿದರೆ ಕಂಪ್ಯೂಟರಿನ ಹಂಗಿಲ್ಲದೆ ಪುಸ್ತಕ ಇಳಿಯುತ್ತಿತ್ತು. ಇನ್ನೊಂದು ‘ರಾಕೆಟ್ ಇ-ಬುಕ್’. ತೂಕ 600 ಗ್ರಾಂಗಿಂತ ಹೆಚ್ಚು, ಬೆಲೆ 499 ಡಾಲರ್, ನೆನಪಿನ ಶಕ್ತಿ 4 ಎಂಬಿ. ಇಂದಿನ ಮೊಬೈಲಿನ ಒಂದು ಫೋಟೋ ಹಿಡಿಸುವಷ್ಟು ಜಾಗದಲ್ಲಿ ಹತ್ತು ಕಾದಂಬರಿ! ಇದನ್ನು ಕಟ್ಟಿದ ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಮುಂದೆ 2003ರಲ್ಲಿ ಸ್ಥಾಪಿಸಿದ ಕಂಪನಿ ಯಾವುದು ಗೊತ್ತೆ? ಟೆಸ್ಲಾ! ಇಂದು ಬ್ಯಾಟರಿ ಕಾರೆಂದರೆ ಥಟ್ಟನೆ ನೆನಪಾಗುವ ಹೆಸರಿನ ಹಿಂದೆ ಪುಸ್ತಕ ಓದಿಸುವ ಯಂತ್ರ ಮಾಡಿದ ಇಬ್ಬರಿದ್ದಾರೆ.

ರಾಕೆಟ್‌ನ ಪರದೆ ಎಲ್‌ಸಿಡಿ. ಅದಕ್ಕೆ ಹಿಂದಿನಿಂದ ಬೆಳಕು ಬೀಳುತ್ತಿತ್ತು, ಹಾಗಾಗಿ ಮಲಗುವ ಕೋಣೆಯ ದೀಪ ಆರಿಸಿಯೂ ಓದಬಹುದಿತ್ತು. ಎಂಥ ಸೊಗಸು! ಆದರೆ ಆ ಬೆಳಕೇ ಬ್ಯಾಟರಿಯನ್ನು ಕುಡಿಯುತ್ತಿತ್ತು. ಎರಡೂ ಯಂತ್ರಗಳ ಕಂಪನಿಗಳನ್ನು 2000ದಲ್ಲಿ ಜೆಮ್‌ಸ್ಟಾರ್ ಎಂಬ ಸಂಸ್ಥೆ ಕೊಂಡಿತು, 2003ಕ್ಕೆ ಆ ವ್ಯವಹಾರಕ್ಕೇ ಬಾಗಿಲು ಹಾಕಿತು. ಓದುವವರಿಗೇನೂ ಬರವಿರಲಿಲ್ಲ. 2000ದ ಮಾರ್ಚ್‌ನಲ್ಲಿ ಸ್ಟೀಫನ್ ಕಿಂಗ್ ತನ್ನ ‘ರೈಡಿಂಗ್ ದ ಬುಲೆಟ್’ ಕಥೆಯನ್ನು ಇ-ಪುಸ್ತಕವಾಗಿಯೇ ಬಿಟ್ಟಾಗ ಮೊದಲ 24 ಗಂಟೆಯಲ್ಲಿ ಸುಮಾರು 4 ಲಕ್ಷ ಪ್ರತಿಗಳಿಗೆ ಬೇಡಿಕೆ ಬಂದಿತ್ತು! ಇಷ್ಟು ಹಸಿವಿಗೆ ತಕ್ಕ ತಟ್ಟೆ ಮಾತ್ರ ಇನ್ನೂ ಆಗಿರಲಿಲ್ಲ.

ಕೂದಲೆಳೆಯಷ್ಟು ಅಗಲದ ಗುಳಿಗೆ

ತಟ್ಟೆ ತಯಾರಾಗುತ್ತಿದ್ದುದು ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ. ಅಲ್ಲಿನ ಜೋಸೆಫ್ ಜೇಕಬ್‌ಸನ್ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು: ತನ್ನ ಅಕ್ಷರಗಳನ್ನು ತಾನೇ ಬದಲಿಸಿಕೊಳ್ಳುವ ಕಾಗದ ಯಾಕೆ ಸಾಧ್ಯವಿಲ್ಲ? ಅವರ ಜೊತೆ ಕೈಜೋಡಿಸಿದವರು ಬ್ಯಾರೆಟ್ ಕಮಿಸ್ಕಿ ಮತ್ತು ಜೆ. ಡಿ. ಆಲ್ಬರ್ಟ್, ಇನ್ನೂ ಪದವಿ ತರಗತಿಯಲ್ಲಿದ್ದ ಹುಡುಗರು! 1997ರಲ್ಲಿ ‘ಇ ಇಂಕ್’ ಕಂಪನಿ ಹುಟ್ಟಿತು, 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂತು.

ಈ ಪರದೆಯನ್ನು ಒಳ್ಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ‘ಅ’ ಅಕ್ಷರದ ನಯವಾದ ಬಾಗು ಕರಗಿ, ಆ ಜಾಗದಲ್ಲಿ ಒತ್ತೊತ್ತಾಗಿ ಕೂತ ಗುಂಡನೆಯ ಗುಳಿಗೆಗಳು ಕಾಣುತ್ತವೆ. ಒಂದೊಂದರ ಅಗಲ ಹೆಚ್ಚೆಂದರೆ ಒಂದು ತಲೆಗೂದಲಿನಷ್ಟು. ಪ್ರತಿ ಗುಳಿಗೆಯೊಳಗೆ ತಿಳಿಯಾದ ದ್ರವ, ಅದರಲ್ಲಿ ಬಿಳಿ ಕಣ, ಕಪ್ಪು ಕಣ. ಬಿಳಿಗೆ ಧನ ವಿದ್ಯುದಂಶ, ಕಪ್ಪಿಗೆ ಋಣ. ಕೆಳಗಿನಿಂದ ವಿದ್ಯುತ್ತಿನ ಒಂದು ತಳ್ಳು ಕೊಟ್ಟರೆ ಬಿಳಿಯವು ಮೇಲಕ್ಕೇರುತ್ತವೆ, ಅಲ್ಲಿ ಕಾಗದ. ತಿರುಗಿಸಿ ತಳ್ಳಿದರೆ ಕಪ್ಪಿನವು ಮೇಲೇರುತ್ತವೆ, ಅಲ್ಲಿ ಅಕ್ಷರ. ಒಂದೇ ಗುಳಿಗೆಯಲ್ಲಿ ಅರ್ಧ ಕಪ್ಪು, ಅರ್ಧ ಬಿಳುಪು ಕೂಡ ನಿಲ್ಲಬಹುದು. ಅಕ್ಷರದ ಅಂಚು ಅದರ ನಡುವೆಯೇ ಹಾದುಹೋಗುತ್ತದೆ!

ಮೇಲೇರಿದ ಕಣ ಅಲ್ಲೇ ಕೂರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಒರಗಿದ ಸೋದರಮಾವನ ಹಾಗೆ, ಯಾರಾದರೂ ಬಂದು ಎಬ್ಬಿಸುವ ತನಕ ಮಿಸುಕುವುದಿಲ್ಲ. ಬ್ಯಾಟರಿ ಕಿತ್ತರೂ ಪುಟ ಅಳಿಯದ ಗುಟ್ಟು ಇಷ್ಟೇ. ವಿದ್ಯುತ್ ಬೇಕಾಗುವುದು ಪುಟ ತಿರುವಲು ಮಾತ್ರ, ಓದಲು ಬೇಡವೇ ಬೇಡ. ಕಣ್ಣಿಗೆ ಬೀಳುವುದು ಯಂತ್ರದ ಬೆಳಕೂ ಅಲ್ಲ, ಕಣಗಳಿಗೆ ತಾಗಿ ಮರಳುವ ಕಿಟಕಿಯ ಬೆಳಕು. ಆದ್ದರಿಂದಲೇ ಬಿಸಿಲು ಏರಿದಷ್ಟೂ ಅಕ್ಷರ ಸ್ಫುಟ!

ಈಗ ಅದೇ ಬೇರಿನ ಇನ್ನೊಂದು ಟಿಸಿಲು ನೋಡಿ. ಕೂತಲ್ಲಿಂದ ಏಳದ ಕಣ ಬೇಗ ಓಡುವುದೂ ಇಲ್ಲ. ಪುಟ ತಿರುವಿದಾಗಲೆಲ್ಲ ಇಡೀ ಪರದೆ ಒಮ್ಮೆ ಕಪ್ಪಾಗಿ ಮಿಂಚಿ ಮತ್ತೆ ಬೆಳಗಾಗುತ್ತಿತ್ತು. ಆ ಒದರಾಟ ಇಲ್ಲದಿದ್ದರೆ ಹಿಂದಿನ ಪುಟದ ಸಾಲುಗಳು ಹೊಸ ಪುಟದ ಸಂದಿಯಲ್ಲಿ ಬೂದು ನೆರಳಾಗಿ ಉಳಿಯುತ್ತಿದ್ದವು. ಬಣ್ಣವಿಲ್ಲ, ಚಲಿಸುವ ಚಿತ್ರದ ಮಾತೇ ಇಲ್ಲ. ಕತ್ತಲಾದರೆ ಅಚ್ಚಿನ ಪುಸ್ತಕಕ್ಕೆ ಬೇಕಾದಂತೆ ಇದಕ್ಕೂ ಪಕ್ಕದಲ್ಲೊಂದು ದೀಪ ಬೇಕು. ರಾಕೆಟ್ ರಾತ್ರಿ ಗೆದ್ದು ಬ್ಯಾಟರಿಯಲ್ಲಿ ಸೋತಿತ್ತು, ಲಿಬ್ರಿಯೆ ಬ್ಯಾಟರಿಯಲ್ಲಿ ಗೆದ್ದು ರಾತ್ರಿ ಸೋತಿತು!

ಲಿಬ್ರಿಯೆಯ ನಿಜವಾದ ಸೋಲು ಬೇರೆಯೇ ಇತ್ತು. ಅದಕ್ಕೆ ಮಾರುತ್ತಿದ್ದ ಪುಸ್ತಕಗಳು 60 ದಿನಕ್ಕೆ ಮುಗಿದುಹೋಗುತ್ತಿದ್ದವು. ಓದಿ ಮುಗಿಸಿದಿರೋ ಬಿಟ್ಟಿರೋ, ಗಡುವು ದಾಟಿದರೆ ತೆರೆಯುವುದಿಲ್ಲ. ವಿದ್ಯುತ್ತಿಲ್ಲದೆಯೂ ಅಳಿಯದ ಶಾಯಿಯನ್ನು ಜಗತ್ತಿಗೆ ಮೊದಲು ತಂದ ಯಂತ್ರದಲ್ಲಿ ಎರಡು ತಿಂಗಳಿಗೆ ಅಳಿಯುವ ಪುಸ್ತಕ!

ಬೆಳ್ಳಿ ಬಣ್ಣದ ಪಟ್ಟಿ

2006ರಲ್ಲಿ ಸೋನಿ ಅಮೆರಿಕಕ್ಕೂ ಒಂದು ರೀಡರ್ ತಂದಿತು. ಗದ್ದಲವೆದ್ದದ್ದು ಮಾತ್ರ 2007ರ ನವೆಂಬರ್ 19ರಂದು, ಅಮೆಜಾನ್‌ನ ‘ಕಿಂಡಲ್’ ಬಂದಾಗ. 399 ಡಾಲರ್ ಬೆಲೆಯ ಆ ಯಂತ್ರದ ಮೊದಲ ದಾಸ್ತಾನು ಐದೂವರೆ ಗಂಟೆಯಲ್ಲಿ ಖಾಲಿ! 292 ಗ್ರಾಂ ತೂಕ, 6 ಇಂಚು ಪರದೆ, ಸುಮಾರು 200 ಪುಸ್ತಕ ಹಿಡಿಸುವ ಹೊಟ್ಟೆ.

ಆ ಮೊದಲ ಕಿಂಡಲ್ ನೋಡಲು ಚೆಂದವೇನಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ, ಕೆಳಗೆ ಓರೆಕೋರೆ ಕೀಲಿಗಳು. ಪುಟ ತಿರುವುವ ಗುಂಡಿಗಳು ಎರಡೂ ಅಂಚಿನಲ್ಲಿ ಎಷ್ಟು ಉದ್ದಕ್ಕಿದ್ದವೆಂದರೆ ಕೈ ಬದಲಿಸಿದರೂ ಸಾಕು, ಪುಟ ಹಾರಿಬಿಡುತ್ತಿತ್ತು. ಆದರೆ ಪರದೆಯ ಬಲಗಡೆ ಒಂದು ಸಪೂರ ಪಟ್ಟಿ ಇದೆಯಲ್ಲ, ಅದನ್ನೊಮ್ಮೆ ನೋಡಿ! ಚಕ್ರ ಉರುಳಿಸಿದರೆ ಅದರಲ್ಲಿ ಬೆಳ್ಳಿಯಂತೆ ಹೊಳೆಯುವ ಚೌಕವೊಂದು ಮೇಲೆ ಕೆಳಗೆ ಓಡುತ್ತದೆ. ಯಾವ ಸಾಲಿನ ಪಕ್ಕ ನಿಲ್ಲಿಸಿದಿರೋ ಆ ಸಾಲನ್ನು ಆರಿಸಿದಂತೆ. ಇಷ್ಟಕ್ಕೆ ಪ್ರತ್ಯೇಕ ಪಟ್ಟಿ ಯಾಕೆ? ಸೋಮಾರಿ ಶಾಯಿಯ ಮೇಲೆ ಬಾಣದ ಗುರುತನ್ನು ಓಡಿಸಲು ಆಗುವುದಿಲ್ಲವಲ್ಲ! ಮುಖ್ಯ ಪರದೆಗೆ ಬಾರದ ಚುರುಕನ್ನು ಪಕ್ಕದಲ್ಲಿ ಬೇರೆಯೇ ತಂತ್ರಜ್ಞಾನದ ಪರದೆ ಕೂರಿಸಿ ತುಂಬಿದ್ದರು.

ಅಕ್ಷರದ ಗಾತ್ರ ಹಿಗ್ಗಿಸುವ ಸೌಲಭ್ಯವಂತೂ ವಯಸ್ಸಾದವರಿಗೆ ವರ. ಕನ್ನಡಕದ ನಂಬರು ಏರಿದಂತೆಲ್ಲ ಅಕ್ಷರವನ್ನೂ ಏರಿಸಿಕೊಳ್ಳಬಹುದು. ಆದರೆ ಅಕ್ಷರ ಹಿಗ್ಗಿದರೆ ಪುಟ ಒಡೆಯುತ್ತದೆ, ಒಡೆದ ಮೇಲೆ ‘ಪುಟ 112’ ಎಂಬುದಕ್ಕೆ ಅರ್ಥವೇ ಇಲ್ಲ. ಅದಕ್ಕೇ ಕಿಂಡಲ್ ಪುಟಸಂಖ್ಯೆ ಬಿಟ್ಟು ‘ಲೊಕೇಶನ್’ ಎಂಬ ಅಂಕಿ ಕೊಟ್ಟಿತು. ಮೇಷ್ಟರು ಹೇಳಿದ ಪುಟವನ್ನು ಹುಡುಗ ತೆಗೆಯುವುದು ಹೇಗೆ?

ಎಲ್ಲಕ್ಕಿಂತ ದೊಡ್ಡ ಜಾದೂ ಗಾಳಿಯಲ್ಲಿ ಬರುವ ಪುಸ್ತಕ. ಮೊಬೈಲ್ ಜಾಲದ ಸಂಪರ್ಕ ಯಂತ್ರದೊಳಗೇ ಇತ್ತು, ಅದಕ್ಕೆ ತಿಂಗಳ ಬಿಲ್ಲೂ ಇಲ್ಲ. ಆರಂಭದಲ್ಲೇ ಅಂಗಡಿಯಲ್ಲಿ ಸುಮಾರು 90,000 ಪುಸ್ತಕಗಳು, ಬೇಕೆಂದದ್ದು ಒಂದು ನಿಮಿಷದೊಳಗೆ ಕೈಯಲ್ಲಿ! ಆದರೆ ಬರುವ ದಾರಿ ಹೋಗುವ ದಾರಿಯೂ ಹೌದು. 2009ರ ಜುಲೈಯಲ್ಲಿ ಹಲವರ ಕಿಂಡಲ್‌ಗಳಿಂದ, ದುಡ್ಡು ಕೊಟ್ಟು ಕೊಂಡ ಪುಸ್ತಕಗಳು ಅದೇ ಗಾಳಿಯಲ್ಲಿ ಮಾಯವಾದವು. ಮಾರಿದ ಪ್ರಕಾಶಕರಿಗೆ ಹಕ್ಕಿರಲಿಲ್ಲವೆಂದು ಕಂಪನಿ ದೂರದಿಂದಲೇ ಅಳಿಸಿ, ಹಣ ಹಿಂದಿರುಗಿಸಿತ್ತು. ಅಳಿಸಿಹೋದವು ಯಾವುವು? ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’, ಮತ್ತು ಪ್ರಭುತ್ವಕ್ಕೆ ಬೇಡವಾದ ಬರಹವೆಲ್ಲ ನಾಶವಾಗುವ ದೇಶದ ಕಥೆ ‘1984’! ಅಮೆಜಾನ್‌ನ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಒತ್ತಕ್ಷರದ ಪರೀಕ್ಷೆ

2009ರ ಅಕ್ಟೋಬರಿನಿಂದ ಕಿಂಡಲ್ ಭಾರತಕ್ಕೂ ಬರತೊಡಗಿತು. ಕನ್ನಡಿಗರಿಗೆ ಸಿಕ್ಕಿದ್ದೇನು? ಇಂಗ್ಲಿಷ್ ಪುಸ್ತಕಗಳ ಸಮುದ್ರ, ಕನ್ನಡಕ್ಕೆ ಖಾಲಿ ಚೌಕಗಳ ಸಾಲು. ಕನ್ನಡಕ್ಕೆ ಫಾಂಟ್ ಇದ್ದರಷ್ಟೇ ಸಾಲದು. ‘ವೈಶಿಷ್ಟ್ಯ’ ಎಂದು ಬರೆಯಲು ‘ಷ’ದ ಕೆಳಗೆ ‘ಟ’, ಅದರ ಪಕ್ಕ ‘ಯ’ ಒತ್ತಾಗಿ ಕೂರಬೇಕು. ಹಾಗೆ ಕೂರಿಸುವ ತಂತ್ರಾಂಶ ಇಲ್ಲದಿದ್ದರೆ ಅದು ‘ವೈಶಿಷ್‌ಟ್‌ಯ’ ಆಗಿ ಉದುರುತ್ತದೆ. ಉಳಿದ ದಾರಿ ಪಿಡಿಎಫ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಿಂದ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳು ಇದ್ದವಲ್ಲ! ಆದರೆ ಸ್ಕ್ಯಾನ್ ಎಂದರೆ ಚಿತ್ರ. ಅಕ್ಷರ ಹಿಗ್ಗಿಸಿದರೆ ಸಾಲು ಮುರಿದು ಕೆಳಗಿಳಿಯುವುದಿಲ್ಲ, ಅಂಚಿನಾಚೆ ಓಡಿಹೋಗುತ್ತದೆ. ಹಿಗ್ಗಿಸದಿದ್ದರೆ 6 ಇಂಚಿನಲ್ಲಿ ಒತ್ತಕ್ಷರಗಳೆಲ್ಲ ಮಸಿಯ ಚುಕ್ಕೆ. 2016ರ ಕೊನೆಗೆ ಅಮೆಜಾನ್ ಐದು ಭಾರತೀಯ ಭಾಷೆಗಳಲ್ಲಿ ಇ-ಪುಸ್ತಕ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು. ಕನ್ನಡ ಇರಲಿಲ್ಲ.

ತಕ್ಕಡಿ ಎತ್ತ ವಾಲುತ್ತದೆ?

ಹಾಗಾದರೆ ಆ ಹಳೆಯ ಯಂತ್ರಗಳು ಗೆದ್ದವೋ ಸೋತವೋ? ಇಂಗ್ಲಿಷ್ ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರಿಗೆ, ಪ್ರಯಾಣಿಕರಿಗೆ, ಮಂಜುಗಣ್ಣಿನವರಿಗೆ ಅವು ಅಚ್ಚಿನ ಪುಸ್ತಕವನ್ನೂ ಮೀರಿಸಿದವು. ಹಿಂದಕ್ಕೆ ಮುಂದಕ್ಕೆ ತಿರುವಿ ನೋಡುವ ಪಠ್ಯಪುಸ್ತಕಕ್ಕೆ, ಮಕ್ಕಳ ಚಿತ್ರಪುಸ್ತಕಕ್ಕೆ, ಓದಿ ಸ್ನೇಹಿತರಿಗೆ ದಾಟಿಸುವ ಸುಖಕ್ಕೆ ಅವುಗಳಲ್ಲಿ ಜಾಗವಿರಲಿಲ್ಲ.

ಕೊನೆಯ ಬೆರಗು ಇಲ್ಲಿದೆ. ಶಾಯಿಯ ದೋಷಗಳು ಬಹುಮಟ್ಟಿಗೆ ಒಂದೊಂದಾಗಿ ಕರಗಿದವು! 2012ರಲ್ಲಿ ಕಿಂಡಲ್‌ಗೆ ಪರದೆಯ ಮುಂಬದಿಯಿಂದ ಬೀಳುವ ಬೆಳಕು ಬಂತು, ರಾತ್ರಿಯೂ ಗೆದ್ದಿತು. ಇಂಚಿಗೆ 167 ಇದ್ದ ಚುಕ್ಕೆಗಳು 300ಕ್ಕೆ ಏರಿದವು. 2024ರಲ್ಲಿ ಕಿಂಡಲ್‌ಗೆ ಬಣ್ಣವೂ ಬಂತು. ಭೌತಶಾಸ್ತ್ರ ಒಡ್ಡಿದ ಗೋಡೆಗಳನ್ನು ಎಂಜಿನಿಯರುಗಳು ಹತ್ತಿಳಿದರು. ಕರಾರು ಕಟ್ಟಿದ ಗೋಡೆ ಮಾತ್ರ ಇನ್ನೂ ನಿಂತಿದೆ. ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ದಾಟಿಸುವ ಸೌಲಭ್ಯವನ್ನೂ 2025ರ ಫೆಬ್ರುವರಿಯಲ್ಲಿ ಅಮೆಜಾನ್ ತೆಗೆದುಹಾಕಿತು. ಇ-ರೀಡರ್ ಕೊಳ್ಳಹೊರಟವರು ಈಗ ಪರದೆಯ ಬಗ್ಗೆ ಹೆಚ್ಚು ಕೇಳಬೇಕಿಲ್ಲ. ಕೇಳಬೇಕಾದ್ದು ಎರಡೇ: ಇದರಲ್ಲಿ ಕನ್ನಡ ಒಡೆಯದೆ ನಿಲ್ಲುತ್ತದೆಯೇ? ದುಡ್ಡು ಕೊಟ್ಟ ಪುಸ್ತಕ ನನ್ನದಾಗಿ ಉಳಿಯುತ್ತದೆಯೇ?