ಸಂಶೋಧನ ಬರಹದಲ್ಲಿ ‘ಎಂದು’: ಬಹುಭಾಷಿಕ ವಿದ್ಯಾರ್ಥಿಗಳಿಗೆ ವ್ಯಾಕರಣ ಮತ್ತು ಆಕರನಿರ್ದೇಶನದ ಬೋಧನೆ

ಸ್ನಾತಕೋತ್ತರ ಕನ್ನಡ ತರಗತಿಗಳಲ್ಲಿ ವ್ಯಾಕರಣವನ್ನು ಒಂದು ಪತ್ರಿಕೆಯಾಗಿಯೂ ಸಂಶೋಧನ ವಿಧಾನವನ್ನು ಇನ್ನೊಂದು ಪತ್ರಿಕೆಯಾಗಿಯೂ ಬೋಧಿಸುವುದು ರೂಢಿ. ಮೊದಲನೆಯದರಲ್ಲಿ ಕೇಶಿರಾಜನ ಸೂತ್ರಗಳು, ಸಂಧಿ, ಸಮಾಸ, ವಿಭಕ್ತಿಗಳು; ಎರಡನೆಯದರಲ್ಲಿ ಅಡಿಟಿಪ್ಪಣಿ, ಗ್ರಂಥಸೂಚಿಗಳ ಕ್ರಮ. ಇವೆರಡರ ನಡುವೆ ಸಂಬಂಧವಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆದರೆ ಆಕರವನ್ನು ಸೂಚಿಸುವ ಕೆಲಸ ಅಡಿಟಿಪ್ಪಣಿಯ ಅಂಕಿಗಿಂತ ಮೊದಲೇ, ವಾಕ್ಯರಚನೆಯಲ್ಲಿಯೇ ಆರಂಭವಾಗುತ್ತದೆ. ಅಲ್ಲಿ ತಪ್ಪಿದರೆ ಅಂಕಿ ಇದ್ದೂ ಪ್ರಯೋಜನವಿಲ್ಲ.

ಇದು ನನಗೆ ಮನವರಿಕೆಯಾದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಸಂಶೋಧನ ವಿದ್ಯಾರ್ಥಿನಿಯೊಬ್ಬರು ತಮ್ಮ ಮೊದಲ ಅಧ್ಯಾಯವನ್ನು ತಂದುಕೊಟ್ಟರು. ಅವರ ಮನೆಮಾತು ದಖನಿ, ಪ್ರೌಢಶಾಲೆಯವರೆಗಿನ ಶಿಕ್ಷಣ ಉರ್ದು ಮಾಧ್ಯಮದಲ್ಲಿ. ಅಧ್ಯಾಯದಲ್ಲಿ ಒಂದು ಕಡೆ ‘ವಿದ್ವಾಂಸರು ಹೀಗೆ ಹೇಳುತ್ತಾರೆ’ ಎಂದು ಆರಂಭಿಸಿ, ಮುಂದಿನ ಐದು ಪರಿಚ್ಛೇದಗಳನ್ನು ಒಂದು ಪ್ರಸಿದ್ಧ ಗ್ರಂಥದಿಂದ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಬರೆದಿದ್ದರು. ಎಲ್ಲಿಯೂ ‘ಎಂದು’ ಇಲ್ಲ, ಉದ್ಧರಣ ಚಿಹ್ನೆಯಿಲ್ಲ; ಕೊನೆಯಲ್ಲಿ ಮಾತ್ರ ಒಂದು ಅಡಿಟಿಪ್ಪಣಿ. ನಾನು ಅಂಚಿನಲ್ಲಿ ‘ನಕಲು’ ಎಂದು ಗುರುತುಹಾಕಿ ಹಿಂದಿರುಗಿಸಿದೆ. ಮರುದಿನ ಅವರು ಆ ಗ್ರಂಥವನ್ನೇ ಹಿಡಿದು ಬಂದು, “ಇದು ಅವರ ಮಾತು ಅಂತ ಮೊದಲೇ ಬರೆದಿದ್ದೀನಲ್ಲ ಸಾರ್” ಎಂದರು. ಅವರ ಮುಖದಲ್ಲಿದ್ದುದು ಸಿಕ್ಕಿಬಿದ್ದವರ ಭಾವವಲ್ಲ, ಅವಮಾನಿತರಾದವರ ಭಾವ.

ಇಲ್ಲಿ ನಡೆದುದೇನು? ಕನ್ನಡದಲ್ಲಿ ಪರರ ಮಾತನ್ನು ಗುರುತಿಸುವ ಪದ ಆ ಮಾತಿನ ಕೊನೆಯಲ್ಲಿ ಬರುತ್ತದೆ. ಹಳಗನ್ನಡದ ‘ಎನ್’ ಧಾತುವಿನಿಂದ ಬಂದ ‘ಎಂದು’, ‘ಎಂಬ’, ‘ಎಂಬುದು’ ಮೊದಲಾದ ರೂಪಗಳು ಉಕ್ತಿಯನ್ನು ಮುಗಿಸಿ ಅದನ್ನು ಹೇಳಿದವರಿಗೆ ಒಪ್ಪಿಸುತ್ತವೆ. ತೆಲುಗಿನ ‘ಅನಿ’ಯದೂ ಇದೇ ಸ್ಥಾನ. ಉರ್ದುವಿನ ‘ಕಿ’ ಹಾಗೂ ಇಂಗ್ಲಿಷಿನ ‘ದಟ್’ ಉಕ್ತಿಗೆ ಮೊದಲೇ ಬಂದು ಬಾಗಿಲು ತೆರೆಯುತ್ತವೆ. ಮರಾಠಿಯಲ್ಲಿ ಎರಡೂ ಬಗೆಗಳುಂಟು: ‘ಕೀ’ ಮೊದಲು, ‘ಮ್ಹಣೂನ್’ ಕೊನೆಗೆ. ದಖನಿಯ ಆಡುಮಾತು ದ್ರಾವಿಡ ಭಾಷೆಗಳ ಸಹವಾಸದಿಂದ ‘ಬೋಲ್‌ಕೆ’ ಎಂಬುದನ್ನು ಕನ್ನಡದ ‘ಅಂತ’ದಂತೆಯೇ ಕೊನೆಯಲ್ಲಿ ಬಳಸುತ್ತದೆ, ಆದರೆ ಶಾಲೆಯಲ್ಲಿ ಕಲಿತ ಗ್ರಾಂಥಿಕ ಉರ್ದುವಿನ ಬರಹ ‘ಕಿ’ಯನ್ನು ಅನುಸರಿಸುತ್ತದೆ. ಆ ವಿದ್ಯಾರ್ಥಿನಿ ಬಾಗಿಲು ತೆರೆದಿದ್ದರು. ಮುಚ್ಚಬೇಕಾದದ್ದು ಕನ್ನಡದ ನಿಯಮವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮನೆಮಾತು ಕನ್ನಡವಾಗಿದ್ದರೂ ಇಂಗ್ಲಿಷ್ ವಿಮರ್ಶೆಯನ್ನು ಓದಿ ಬರೆಯುವವರಲ್ಲಿ ‘ಅವರು ಹೇಳುವುದೇನೆಂದರೆ’ ಎಂದು ತೊಡಗಿ ಮುಗಿಸದೆ ಬಿಡುವ ಇದೇ ದೋಷವನ್ನು ಕಾಣಬಹುದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು ಶೇ. 66 ಮಾತ್ರ. ಆದುದರಿಂದ ಇದನ್ನು ಅಪವಾದವೆಂದು ಬದಿಗೊತ್ತುವಂತಿಲ್ಲ.

ಇನ್ನೊಂದು ತೊಡಕು ಸರ್ವನಾಮದ್ದು. ‘ಈ ಪಾಠವನ್ನು ನಾನು ಒಪ್ಪುವುದಿಲ್ಲ ಎಂದು ಸಂಪಾದಕರು ಹೇಳಿದ್ದಾರೆ’ ಎಂಬ ವಾಕ್ಯದಲ್ಲಿ ‘ನಾನು’ ಯಾರು? ಸಂಪಾದಕರೋ, ಪ್ರಬಂಧಕಾರರೋ? ‘ತಾವು ಒಪ್ಪುವುದಿಲ್ಲ ಎಂದು’ ಬರೆದರೆ ಸಂದೇಹ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ನಮ್ಮ ಓಲೆಗರಿಗಳಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ. ಅವು ಮುದ್ರಣದೊಂದಿಗೆ ಬಂದವು. ಅಲ್ಲಿಯವರೆಗೆ ಮಾತಿನ ಒಡೆತನವನ್ನು ಕಾದದ್ದು ‘ಎಂದು’ ಮತ್ತು ‘ತಾನು’ ಇಂತಹ ವ್ಯಾಕರಣ ರೂಪಗಳೇ. ಇದನ್ನು ತರಗತಿಯಲ್ಲಿ ಹೇಳಿದಾಗ ವ್ಯಾಕರಣದ ಬಗೆಗೆ ವಿದ್ಯಾರ್ಥಿಗಳಲ್ಲಿರುವ ಅಸಡ್ಡೆ ಸ್ವಲ್ಪ ಕಡಿಮೆಯಾಗುವುದನ್ನು ಕಂಡಿದ್ದೇನೆ.

ಬೋಧನೆಗೆ ನನಗೆ ಹೆಚ್ಚು ನೆರವಾದುದು ‘ಅಂತೆ’. ಕಂಡದ್ದನ್ನು ‘ಬಂದ’ ಎನ್ನುವ, ಕೇಳಿದ್ದನ್ನು ‘ಬಂದನಂತೆ’ ಎನ್ನುವ ಕನ್ನಡಿಗ ಆಕರನಿರ್ದೇಶನವನ್ನು ಬಾಲ್ಯದಿಂದಲೇ ಬಲ್ಲ. ತೆಲುಗಿನಲ್ಲಿ ‘ವಚ್ಚಾಡಟ’ದ ‘ಟ’, ಮರಾಠಿಯಲ್ಲಿ ‘ಮ್ಹಣೇ’, ತುಳುವಿನಲ್ಲಿ ‘ಗೆ’ ಇದೇ ಕೆಲಸವನ್ನು ಮಾಡುತ್ತವೆ. ಶಾಸ್ತ್ರಬರಹದಲ್ಲಿ ‘ಅಂತೆ’ಗೆ ಎಡೆಯಿಲ್ಲದ ಕಾರಣ ವಿದ್ಯಾರ್ಥಿ ಅದನ್ನು ಬಿಡುತ್ತಾನೆ, ಬಿಟ್ಟ ಸ್ಥಳದಲ್ಲಿ ಬೇರೇನನ್ನೂ ಇಡುವುದಿಲ್ಲ. ಆದ್ದರಿಂದ ನಾನು ಅವರವರ ಕರಡಿನ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಸ್ವತಃ ಪರಿಶೀಲಿಸದೆ ಬೇರೆಯವರಿಂದ ತಿಳಿದ ಪ್ರತಿಯೊಂದು ವಾಕ್ಯಕ್ಕೂ ‘ಅಂತೆ’ಯನ್ನೋ ಮನೆಮಾತಿನ ಸಮಾನ ರೂಪವನ್ನೋ ಸೇರಿಸಲು ಹೇಳುತ್ತೇನೆ. ತರಗತಿಯಲ್ಲಿ ನಗು ಏಳುತ್ತದೆ, ಏಕೆಂದರೆ ಪುಟವೆಲ್ಲ ‘ಅಂತೆ’ಯಿಂದ ತುಂಬುತ್ತದೆ. ಬಳಿಕ ಪ್ರತಿಯೊಂದು ‘ಅಂತೆ’ಯನ್ನೂ ಹೆಸರು, ‘ಎಂದು’ ಮತ್ತು ತಕ್ಕ ಕ್ರಿಯಾಪದವಾಗಿ ಬಿಡಿಸಬೇಕು.

ಕಷ್ಟವಿರುವುದು ಕ್ರಿಯಾಪದದ ಆಯ್ಕೆಯಲ್ಲಿ. ‘ಅಂತೆ’ಯಲ್ಲಿ ಸಂಶಯದ ಛಾಯೆಯಿದೆ; ‘ಎಂದು ಹೇಳುತ್ತಾರೆ’ ತಟಸ್ಥ; ‘ವಾದಿಸುತ್ತಾರೆ’, ‘ಊಹಿಸುತ್ತಾರೆ’, ‘ಸ್ಥಾಪಿಸಿದ್ದಾರೆ’ ಎಂಬವುಗಳ ತೂಕ ಬೇರೆ ಬೇರೆ. ‘ಕವಿರಾಜಮಾರ್ಗ’ದ ಕರ್ತೃ ಶ್ರೀವಿಜಯನೆಂದು ‘ಸ್ಥಾಪಿಸಿದ್ದಾರೆ’ ಎಂದು ಬರೆದವನು, ನೃಪತುಂಗನ ಪರವಾದ ವಾದವನ್ನು ಒಂದೇ ಪದದಲ್ಲಿ ಅಳಿಸಿಹಾಕಿದಂತಾಯಿತು. ‘ಅಭಿಪ್ರಾಯಪಡಲಾಗಿದೆ’, ‘ಹೇಳಲಾಗುತ್ತದೆ’ ಎಂಬ ಕರ್ಮಣಿ ಪ್ರಯೋಗಗಳಂತೂ ಹೇಳಿದವರನ್ನೇ ಮರೆಮಾಡುತ್ತವೆ. ಇವು ನಮ್ಮ ಪ್ರಕಟಿತ ಲೇಖನಗಳಲ್ಲಿಯೇ ಧಾರಾಳವಾಗಿರುವಾಗ ವಿದ್ಯಾರ್ಥಿಯನ್ನು ದೂರುವುದು ಹೇಗೆ?

ಪರಂಪರೆಯಲ್ಲಿ ಆಕರದ ಸ್ಮರಣೆ ಇರಲಿಲ್ಲವೆಂಬ ಮಾತು ಪೂರ್ಣ ಸತ್ಯವಲ್ಲ. ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ಕೇಶಿರಾಜ ತನಗೆ ಲಕ್ಷ್ಯವಾದ ಗಜಗ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದ ಕವಿಗಳನ್ನು ಹೆಸರಿಸುತ್ತಾನೆ. ಆದರೆ ಸೂತ್ರಗಳ ಕೆಳಗಿನ ಪ್ರಯೋಗಗಳಿಗೆ ಬಹುಮಟ್ಟಿಗೆ ಕವಿಯ ಹೆಸರಿಲ್ಲ. ಅಂದಿನ ಓದುಗನಿಗೆ ಅದು ಬೇಕಿರಲಿಲ್ಲವೇನೋ. ಇಂದು ಆ ಪದ್ಯಗಳ ಮೂಲವನ್ನು ಹುಡುಕುವುದೇ ಒಂದು ಸಂಶೋಧನೆಯಾಗಿದೆ.

ಈ ಚರ್ಚೆಗೆ ಇಂದು ದಂಡನೆಯ ಮುಖವೂ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ, ಅದನ್ನು ಮೀರಿ ಶೇ. 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಪ್ರತಿ ಒಪ್ಪಿಸಬೇಕು, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದು. ಆಕರಸಹಿತ ಉದ್ಧರಣಗಳನ್ನು ಈ ಲೆಕ್ಕದಿಂದ ಹೊರಗಿಡಲಾಗಿದೆ. ಅಂದರೆ ಉದ್ಧರಣದ ಗಡಿಯನ್ನು ಗುರುತಿಸಲು ಅರಿಯದವನ ವ್ಯಾಕರಣದೋಷ ಶೇಕಡಾವಾರು ಅಪರಾಧವಾಗಿ ಪರಿಣಮಿಸಬಹುದು. ವಿಪರ್ಯಾಸವೆಂದರೆ ಯೂನಿಕೋಡ್‌ಗೆ ಸೇರದ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಪ್ರಬಂಧವನ್ನು ನೇರವಾಗಿ ಒಪ್ಪಿಸಿದರೆ ಯಂತ್ರಕ್ಕೆ ಅದು ಕನ್ನಡವಾಗಿಯೇ ಕಾಣುವುದಿಲ್ಲ. ನಿಜವಾದ ನಕಲು ಅಲ್ಲಿ ಸುಲಭವಾಗಿ ನುಸುಳುತ್ತದೆ. ಯಂತ್ರದ ಅಂಕಿಯನ್ನು ನೋಡಿ ಸಹಿ ಹಾಕುವ ಮಾರ್ಗದರ್ಶಕರು ಈ ಎರಡು ಬಗೆಯ ಪ್ರಬಂಧಗಳನ್ನು ಬೇರ್ಪಡಿಸಲಾರರು.

ಆ ವಿದ್ಯಾರ್ಥಿನಿ ಐದು ಪರಿಚ್ಛೇದಗಳನ್ನು ಒಂದೂವರೆಗೆ ಇಳಿಸಿದರು. ಗ್ರಂಥಕಾರರ ಮಾತು ಎಲ್ಲಿ ಮುಗಿಯಿತೋ ಅಲ್ಲಿ ‘ಎಂದು’ ಬಂದಿತ್ತು. ಅದರ ಮುಂದಿನ ವಾಕ್ಯದಲ್ಲಿ ಅವರು ಗ್ರಂಥಕಾರರನ್ನು ಒಪ್ಪಿರಲಿಲ್ಲ. ಮೊದಲ ಕರಡಿನಲ್ಲಿಯೂ ಆ ಭಿನ್ನಮತ ಇತ್ತು. ಐದನೆಯ ಪರಿಚ್ಛೇದದ ನಡುವೆ ಹುದುಗಿದ್ದ ಅದನ್ನೂ ಗ್ರಂಥಕಾರರ ಮಾತೆಂದೇ ನಾನು ಓದಿದ್ದೆ.