ದೇಹದ ಹಸ್ತಪ್ರತಿಯೂ ಅದರ ತಿದ್ದುಪಡಿಯೂ

ಅರ್ಥವಾಗದುದನ್ನು ವ್ಯರ್ಥವೆಂದು ತಳ್ಳಿಬಿಡುವ ಆತುರವು ಪಾಮರರಲ್ಲಿ ಮಾತ್ರವೇ ಇರುವುದೆಂದು ತಿಳಿಯಬೇಕಾಗಿಲ್ಲ. ಪಂಡಿತರೂ ಅದಕ್ಕೆ ಹೊರತಲ್ಲ. ಮಾನವನ ಆನುವಂಶಿಕ ಲಿಪಿಯಾದ ಡಿಎನ್‌ಎಯ ಬಹುಭಾಗಕ್ಕೆ ‘ಕಸ’ವೆಂಬ ಹೆಸರು, ೧೯೭೨ರಲ್ಲಿ ಪ್ರಕಟವಾದ ಸುಸುಮು ಓನೊ ಎಂಬ ವಿಜ್ಞಾನಿಯ ಪ್ರಬಂಧದ ತರುವಾಯ ರೂಢಿಗೆ ಬಂದಿತು. ಹೆಸರು ಬಿದ್ದ ಬಳಿಕ ಅದರ ಕಡೆಗೆ ಹೊರಳಿ ನೋಡುವವರು ವಿರಳರಾದರು. ಆ ಕಸದ ಒಂದು ರಾಶಿಯನ್ನು ಹದ್ದಿನಲ್ಲಿಡುವುದಕ್ಕೆ ನಮ್ಮ ದೇಹವು ಎಷ್ಟು ಶ್ರಮಪಡುತ್ತಿದೆಯೆಂಬುದು ಈಚೆಗೆ ಬೆಳಕಿಗೆ ಬಂದಿದ್ದು, ವಿಷಯವು ಸೂಕ್ಷ್ಮವಾದರೂ ನಮ್ಮ ವಾಚಕರು ಅವಶ್ಯವಾಗಿ ತಿಳಿಯತಕ್ಕುದಾಗಿದೆ.

ಈ ದೇಹಗ್ರಂಥದ ಒಂದು ಪ್ರತಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ೨೦೦೧ರಲ್ಲಿ ಅದರ ಕರಡು ಪ್ರಕಟವಾದಾಗ, ಪ್ರೋಟೀನುಗಳನ್ನು ಕಟ್ಟಲು ನೇರವಾಗಿ ಆದೇಶ ಕೊಡುವ ಭಾಗವು ನೂರಕ್ಕೆ ಎರಡಕ್ಕಿಂತಲೂ ಕಡಿಮೆಯೆಂದೂ, ಸುಮಾರು ಅರ್ಧಭಾಗವು ಬರಿಯ ಪುನರುಕ್ತಿಯೆಂದೂ ಸ್ಪಷ್ಟವಾಯಿತು. ಈ ಪುನರುಕ್ತಿಗಳಲ್ಲಿ ‘ಅಲು’ ಎಂಬುದು ಹೆಸರಾದುದು. ಒಂದೊಂದೂ ಸುಮಾರು ೩೦೦ ಅಕ್ಷರಗಳ ತುಣುಕು; ಪ್ರತಿಗಳ ಸಂಖ್ಯೆ ೧೦ ಲಕ್ಷಕ್ಕೂ ಮೇಲು; ಇವು ಆಕ್ರಮಿಸಿರುವ ಸ್ಥಳವು ಇಡೀ ಗ್ರಂಥದ ಹತ್ತನೆಯ ಒಂದು ಪಾಲು. ಕೋತಿಗಳೂ ಮನುಷ್ಯರೂ ಸೇರಿದ ಪ್ರೈಮೇಟ್ ವರ್ಗದಲ್ಲಿ ಮಾತ್ರ ಕಂಡುಬರುವ ಈ ತುಣುಕುಗಳು, ಬೇರೊಂದು ತುಣುಕಿನ ಉಪಕರಣವನ್ನು ಎರವಲು ಪಡೆದು, ಕೋಟ್ಯಂತರ ವರ್ಷಗಳಿಂದ ತಮ್ಮ ನಕಲುಗಳನ್ನು ಹೆಚ್ಚಿಸಿಕೊಳ್ಳುತ್ತ ಬಂದಿವೆ.

ಮುದ್ರಣಾಲಯದ ರೀತಿಯನ್ನು ಬಲ್ಲವರಿಗೆ ಮುಂದಿನ ಸಂಗತಿಯು ಸುಲಭವಾಗಿ ತಿಳಿದೀತು. ಡಿಎನ್‌ಎ ಮೂಲ ಹಸ್ತಪ್ರತಿ. ಆರ್‌ಎನ್‌ಎ ಎಂಬುದು ಬೇಕಾದಾಗ ಅದರಿಂದ ತೆಗೆದ ನಕಲು. ಒಂದೇ ನಕಲಿನಲ್ಲಿ ಎರಡು ಅಲು ತುಣುಕುಗಳು ವಿರುದ್ಧ ದಿಕ್ಕಿನಲ್ಲಿ ಹತ್ತಿರ ಹತ್ತಿರ ಬಂದರೆ, ನಕಲು ಮಡಿಚಿಕೊಂಡು ಅವೆರಡೂ ಜೋಡಿ ಎಳೆಯಾಗಿ ಹೆಣೆದುಕೊಳ್ಳುತ್ತವೆ. ಆಗ ‘ಅಡಾರ್’ ಎಂಬ ಕಿಣ್ವವು ಬಂದು, ಅಡೆನೊಸಿನ್ ಎಂಬ ಅಕ್ಷರವನ್ನು ಅಲ್ಲಲ್ಲಿ ಇನೊಸಿನ್ ಆಗಿ ತಿದ್ದುತ್ತದೆ. ಮೂಲಪ್ರತಿಗೆ ಕೈ ಹಚ್ಚದೆ ಕರಡಚ್ಚನ್ನು ಮಾತ್ರ ತಿದ್ದುವ ಕ್ರಮವಿದು. ೧೯೮೭ರಲ್ಲಿ ಕಪ್ಪೆಯ ಮೊಟ್ಟೆಗಳಲ್ಲಿ ಇದರ ಸುಳಿವು ಮೊದಲು ದೊರೆಯಿತು. ಮಾನವನಲ್ಲಿ ಈ ತಿದ್ದುಪಡಿಗಳು ಬಹುಮಟ್ಟಿಗೆ ಅಲು ತುಣುಕುಗಳಲ್ಲಿಯೇ ನಡೆಯುವುವೆಂದು ೨೦೦೪ರಲ್ಲಿ ಹಲವು ತಂಡಗಳು ಕಂಡುಕೊಂಡವು. ಅಂಥ ಸ್ಥಾನಗಳು ೧೦ ಕೋಟಿಗೂ ಹೆಚ್ಚೆಂದು ೨೦೧೪ರಲ್ಲಿ ಅಂದಾಜು ಮಾಡಲಾಯಿತು.

ಇಷ್ಟೊಂದು ತಿದ್ದುಪಡಿ ಏತಕ್ಕೆ? ಅನೇಕ ವೈರಸ್ಸುಗಳು ಕೋಶವನ್ನು ಹೊಕ್ಕಾಗ ಜೋಡಿ ಎಳೆಯ ಆರ್‌ಎನ್‌ಎ ಕಾಣಿಸಿಕೊಳ್ಳುತ್ತದೆ. ‘ಎಂಡಿಎ-೫’ ಎಂಬ ಕಾವಲುಗಾರನು ಅದನ್ನು ಕಂಡೊಡನೆ ಎಚ್ಚರಿಕೆಯ ಗಂಟೆ ಬಾರಿಸುತ್ತಾನೆ. ನಮ್ಮವೇ ಆದ ಅಲು ಜೋಡಿಗಳೂ ನೋಟಕ್ಕೆ ಹಾಗೆಯೇ ಇರುವುದರಿಂದ, ತಿದ್ದುಪಡಿಯು ಆ ಜೋಡಿಯ ಬಿಗಿಯನ್ನು ಸಡಿಲಿಸಿ, ಮನೆಯವರನ್ನು ಕಳ್ಳರೆಂದು ಭ್ರಮಿಸದಂತೆ ಕಾವಲುಗಾರನನ್ನು ತಡೆಯುತ್ತದೆ. ಇಲಿಗಳಲ್ಲಿ ಅಲು ಇಲ್ಲವಾದರೂ ಅವಕ್ಕೆ ತಮ್ಮದೇ ಪುನರುಕ್ತಿಗಳುಂಟು. ೨೦೧೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಡಾರ್-೧ರ ತಿದ್ದುವ ಶಕ್ತಿಯನ್ನು ಕಳೆದ ಇಲಿಮರಿಗಳು ಗರ್ಭದಲ್ಲಿಯೇ ಅಳಿದವು. ಎಂಡಿಎ-೫ನ್ನೂ ತೆಗೆದುಹಾಕಿದಾಗ ಅವು ಬದುಕಿದವು.

ಮನುಷ್ಯರಲ್ಲಿ ಈ ಏರ್ಪಾಡು ಕೆಟ್ಟರೆ ಆಗುವ ಅನರ್ಥವು ಹೃದಯವಿದ್ರಾವಕವಾದುದು. ಐಕಾರ್ಡಿ–ಗೂಟಿಯರ್ ಎಂಬ ವಿರಳ ರೋಗದಲ್ಲಿ, ಯಾವ ಸೋಂಕೂ ಇಲ್ಲದೆಯೇ ಶಿಶುವಿನ ದೇಹವು ಸೋಂಕಿನ ವಿರುದ್ಧ ಹೋರಾಡತೊಡಗಿ ಅದರ ಮೆದುಳನ್ನೇ ಘಾಸಿಗೊಳಿಸುತ್ತದೆ. ಗರ್ಭದಲ್ಲಿ ತಗಲಿದ ಸೋಂಕೆಂದು ವೈದ್ಯರೂ ಭ್ರಮಿಸುವಷ್ಟು ಹೋಲಿಕೆ ಇದಕ್ಕುಂಟು. ಈ ರೋಗದ ಹಲವು ಕಾರಣಗಳಲ್ಲಿ ಅಡಾರ್-೧ರ ದೋಷವೂ ಒಂದೆಂದು ೨೦೧೨ರಲ್ಲಿ ಸಿದ್ಧವಾಯಿತು.

ಹಾಗೆಂದು ಕಸವೆಂದುದೆಲ್ಲವೂ ರತ್ನವೆಂದು ಸಾರುವುದು ಅದೇ ಆತುರದ ಇನ್ನೊಂದು ಮುಖ. ಅಲು ತುಣುಕುಗಳಲ್ಲಿ ಬಹುಪಾಲಿಗೆ ಸ್ವಂತ ಪ್ರಯೋಜನವೇನೂ ಸಿದ್ಧವಾಗಿಲ್ಲ. ತಪ್ಪು ಸ್ಥಳದಲ್ಲಿ ಹೊಕ್ಕು ರೋಗ ತಂದ ನಿದರ್ಶನಗಳೂ ಉಂಟು. ಓನೊ ಅವರ ಮಾತು ಪೂರ್ಣವಾಗಿ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಪ್ರಯೋಜನವಿಲ್ಲದುದಕ್ಕೆ ಪರಿಣಾಮವೂ ಇಲ್ಲವೆಂದು ತಿಳಿದುದೇ ಪ್ರಮಾದ. ಬೆಂಕಿಯಿಲ್ಲದ ದಿನವೂ ಕಾವಲು ಕಾಯುವವನಿಗೆ ಸಂಬಳವುಂಟಷ್ಟೆ; ದೇಹವೂ ಕ್ಷಣಕ್ಷಣಕ್ಕೂ ಅಂಥದೊಂದು ವೆಚ್ಚವನ್ನು ಮೌನವಾಗಿ ಭರಿಸುತ್ತಿದೆ. ಆ ವೆಚ್ಚದ ಲೆಕ್ಕ ತಿಳಿದಂದೇ, ಅದು ನಿಂತುಹೋದ ಮಕ್ಕಳಿಗೆ ಔಷಧವನ್ನು ಹುಡುಕುವ ದಾರಿಯೂ ತೆರೆದೀತು.